ಕಿಟಕಿ ದೊಡ್ಡದು ಮಾಡಿ ಅಂದಿದ್ದೆ

ಬರಗೂರಿನಿಂದ ಗೋಣಿಚೀಲದಲ್ಲಿ ಬಂದ ಆ ಕಂಪ್ಯೂಟರನ್ನು ಮಧುಗಿರಿಯ ನನ್ನ ಅಂಗಡಿಯ ಮೇಜಿನ ಮೇಲಿಟ್ಟು ಬಿಚ್ಚಿದಾಗ ಒಳಗೆ ಒಂದು ಬೊಗಸೆ ದೂಳು, ಎರಡು ಹಲ್ಲಿ ಮೊಟ್ಟೆ, ಮದರ್‌ಬೋರ್ಡಿನ ಮೇಲೆ ಉಬ್ಬಿ ಬಾಯಿ ಬಿಟ್ಟ ನಾಲ್ಕು ಕೆಪಾಸಿಟರುಗಳು ಇದ್ದವು.

"ಇದು ಹೋಯ್ತು ಕಣಕ್ಕ. ಮಣ್ಣು ಮಾಡಿ," ಅಂದುಬಿಟ್ಟೆ. ನನ್ನ ಬಾಯಿ ಯಾವಾಗಲೂ ತಲೆಗಿಂತ ಒಂದು ಗೇಣು ಮುಂದೆ.

ಚೀಲ ಹೊತ್ತು ತಂದಿದ್ದ ಹೆಂಗಸಿನ ಮುಖ ಬಿಳುಚಿಕೊಂಡಿತು. ಪಕ್ಕದ ಸ್ಟೂಲಿನ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದವರು ಮಾತ್ರ ಅಲ್ಲಾಡಲಿಲ್ಲ. ಅವರು ಸಿರಾ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ಹುಟ್ಟಿದಾಗಿನಿಂದ ಕಣ್ಣು ಕಾಣದು. ಚೀಲ ಹೊತ್ತವರು ಅವರ ಅಣ್ಣನ ಹೆಂಡತಿ. ಟೀಚರ್ ಅವರನ್ನು ಅತ್ತಿಗೆ ಎನ್ನುತ್ತಿದ್ದರು, ನಾನೂ ಇಲ್ಲಿ ಹಾಗೇ ಬರೆಯುತ್ತೇನೆ.

"ಕಂಪ್ಯೂಟ್ರು ಹೋದ್ರೆ ಹೋಗ್ಲಿ ಸಾರ್. ನನ್ ಪ್ರಿಂಟ್ರು ನಡೀಬೇಕು," ಅಂದರು ಟೀಚರ್.

ಆ ಪ್ರಿಂಟರ್ ನಾವು ನೀವು ನೋಡುವಂಥದ್ದಲ್ಲ. ದಪ್ಪ ಕಾಗದದ ಮೇಲೆ ಚುಕ್ಕೆ ಉಬ್ಬಿಸಿ ಬ್ರೈಲ್ ಲಿಪಿ ಮೂಡಿಸುವ ಯಂತ್ರ, ಬೆರಳಿನಲ್ಲಿ ಓದಬೇಕು. ಪಾವಗಡದ ಕಡೆಯ ಒಂದು ಸಂಸ್ಥೆಯವರು ತಮಗೆ ಹೊಸದು ಬಂದಾಗ ಹಳೆಯದನ್ನು ಟೀಚರಿಗೆ ಕೊಟ್ಟಿದ್ದರು. ಅತ್ತಿಗೆ ಪಠ್ಯಪುಸ್ತಕ ನೋಡಿಕೊಂಡು ಕನ್ನಡದಲ್ಲಿ ಟೈಪ್ ಮಾಡುವುದು, ಒಂದು ಹಳೆಯ ತಂತ್ರಾಂಶ ಅದನ್ನು ಚುಕ್ಕೆಗಳಾಗಿ ತಿರುಗಿಸುವುದು, ಪ್ರಿಂಟರ್ ಟಕಟಕ ಕುಟ್ಟುವುದು, ಟೀಚರ್ ಆ ಹಾಳೆ ಹಿಡಿದು ತರಗತಿಯಲ್ಲಿ ಪಾಠ ಮಾಡುವುದು. ಕೆಲವು ವರ್ಷಗಳಿಂದ ಹೀಗೆ ನಡೆದಿತ್ತು. ಈ ಸಲ ಅವರಿಗೆ ಹೊಸದಾಗಿ ನಾಲ್ಕನೇ ತರಗತಿ ವಹಿಸಿದ್ದರು. ಅದರ ಪುಸ್ತಕ ಯಾವುದೂ ಚುಕ್ಕೆಯಲ್ಲಿ ಅವರ ಹತ್ತಿರ ಇರಲಿಲ್ಲ.

ಅದರ ಜೊತೆಗೆ ಇನ್ನೊಂದು ವಿಷಯವಿತ್ತು. "ಈಯಮ್ಮ ಮಕ್ಕಳ ಕೈಲಿ ಓದಿಸ್ಕೊಂಡು ಪಾಠ ಮಾಡ್ತಾರೆ" ಎಂದು ಮುಖ್ಯೋಪಾಧ್ಯಾಯರು ಮೇಲಿನವರ ಕಿವಿಗೆ ಹಾಕಿದ್ದರು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಎರಡನೇ ಸೋಮವಾರ ಒಬ್ಬ ಅಧಿಕಾರಿ ಬಂದು ತರಗತಿಯಲ್ಲಿ ಕೂತು ನೋಡುವುದೆಂದು ತೀರ್ಮಾನವಾಗಿತ್ತು. ಸರಿ ಕಾಣದಿದ್ದರೆ ಟೀಚರನ್ನು ತರಗತಿಯಿಂದ ತೆಗೆದು ಆಫೀಸು ಕೋಣೆಯಲ್ಲಿ ಕೂರಿಸುವುದು.

"ಕೂರಿಸಿದ್ರೂ ಸಂಬಳ ಬರುತ್ತಲ್ಲ ಮೇಡಂ," ಅಂದೆ.

"ಕೂತ್ಕಳಕ್ಕೆ ಬಂದಿಲ್ಲ ಸಾರ್ ನಾನು. ಪಾಠ ಹೇಳಕ್ಕೆ ಬಂದಿದ್ದು," ಅಂದರು. ಮುಖಕ್ಕೆ ನೀರು ಎರಚಿದಂತಾಯಿತು. ಬಾಯಿ ಮುಚ್ಚಿಕೊಂಡು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ.

ಹಳೆಯ ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್ ಎಕ್ಸ್‌ಪಿ. ಪಾವಗಡದ ಸಂಸ್ಥೆಯಲ್ಲಿ ಆ ಪ್ರಿಂಟರ್ ನೋಡಿಕೊಳ್ಳುತ್ತಿದ್ದವರಿಗೆ ಫೋನ್ ಮಾಡಿ, ಹೊಸ ವಿಂಡೋಸಿಗೆ ಇದು ಹೊಂದುತ್ತದಾ ಎಂದು ಕೇಳಿದೆ.

"ಅದಿ ಎಕ್ಸ್‌ಪಿಗೆ ತಪ್ಪ ದೇನಿಕೀ ಲೊಂಗದು ಸಾರ್. ನಾವೂ ಎಲ್ಲಾ ಮಾಡಿ ನೋಡಿದ್ವಿ, ಡ್ರೈವರೇ ಲೇದು," ಅಂದ ಆ ಪುಣ್ಯಾತ್ಮ. ಎಕ್ಸ್‌ಪಿ ಬಿಟ್ಟರೆ ಬೇರೆ ಯಾವುದಕ್ಕೂ ಬಗ್ಗುವುದಿಲ್ಲ, ಹೊಸ ವಿಂಡೋಸಿನಲ್ಲಿ ಆ ಪ್ರಿಂಟರನ್ನು ನಡೆಸುವ ತಂತ್ರಾಂಶವೇ ಇಲ್ಲ ಎಂದು ತಾತ್ಪರ್ಯ.

ಎಕ್ಸ್‌ಪಿಯನ್ನು ಇವತ್ತಿನ ಕಂಪ್ಯೂಟರಿಗೆ ನೇರವಾಗಿ ಹಾಕಲು ಹೋದರೆ ಅದಕ್ಕೆ ಒಂದು ಭಾಗದ ಗುರುತೂ ಸಿಗುವುದಿಲ್ಲ. ಉಳಿದಿದ್ದು ಟೀಚರಿಗೆ ಒಂದು ಹೊಸ ಕಂಪ್ಯೂಟರ್ ಕೊಡಿಸಿ ಅದರಲ್ಲಿ ವರ್ಚುವಲ್ ಮಷೀನ್ ಕಟ್ಟುವ ದಾರಿ. ಹೊಸ ವಿಂಡೋಸಿನಲ್ಲಿ ಒಂದು ತಂತ್ರಾಂಶ ಹಾಕಿದರೆ ಅದು ಒಳಗೇ ಒಂದು ಸುಳ್ಳು ಕಂಪ್ಯೂಟರನ್ನು ಕಟ್ಟುತ್ತದೆ. ಸುಳ್ಳು ಪ್ರೊಸೆಸರ್, ಸುಳ್ಳು ಮೆಮೊರಿ, ಸುಳ್ಳು ಹಾರ್ಡ್‌ಡಿಸ್ಕ್. ಹಳೆಯ ಎಕ್ಸ್‌ಪಿ ಅದನ್ನೇ ನಿಜವೆಂದು ನಂಬಿ ಪರದೆಯ ಮೇಲೆ ಒಂದು ಕಿಟಕಿಯೊಳಗೆ ಸಂಸಾರ ಮಾಡಿಕೊಂಡಿರುತ್ತದೆ. ಹೊರಗೆ ಹೊಸ ವಿಂಡೋಸ್, ಕಿಟಕಿಯ ಒಳಗೆ ಎಕ್ಸ್‌ಪಿ.

ಹೇಳುವುದು ಸುಲಭ. ಹಳೆಯ ಡಿಸ್ಕನ್ನು ಪೂರ್ತಿಯಾಗಿ ಒಂದು ಫೈಲಿಗೆ ಇಳಿಸಿ ಸುಳ್ಳು ಕಂಪ್ಯೂಟರಿಗೆ ಕೊಟ್ಟರೆ ನೀಲಿ ಪರದೆ ಬಂದು ನಿಂತಿತು. ಒಂದು ದಿನ ಅದರಲ್ಲೇ ಹೋಯಿತು. ನಾನು ಕೊಟ್ಟ ಸುಳ್ಳು ಡಿಸ್ಕಿನ ಕಂಟ್ರೋಲರ್ ಹೊಸ ಮಾದರಿಯದು, ಎಕ್ಸ್‌ಪಿಗೆ ಗೊತ್ತಿದ್ದದ್ದು ಹಳೆಯ ಐಡಿಇ ಮಾದರಿ. ಅದನ್ನು ಬದಲಿಸಿದ ಮೇಲೆ ಎಕ್ಸ್‌ಪಿ ಎದ್ದು ಅದರ ಹಸಿರು ಗುಡ್ಡದ ಚಿತ್ರ ಬಂತು. ಇನ್ನು ಪ್ರಿಂಟರ್. ಅದರದ್ದು ಒಂಬತ್ತು ಕಡ್ಡಿಯ ಹಳೆಯ ಸೀರಿಯಲ್ ಕೇಬಲ್, ಹೊಸ ಕಂಪ್ಯೂಟರಿನಲ್ಲಿ ಅದಕ್ಕೆ ತೂತೇ ಇಲ್ಲ. ಯುಎಸ್‌ಬಿಗೆ ತಿರುಗಿಸುವ ಕೇಬಲ್ ಎಲ್ಲಿಯೂ ಸಿಗದೆ, ಕೊನೆಗೆ ಕೊರಟಗೆರೆಯಲ್ಲಿ ತೂಕದ ಯಂತ್ರ ರಿಪೇರಿ ಮಾಡುವವರ ಹತ್ತಿರ ಸಿಕ್ಕಿತು. ಹೋಗಿದ್ದು ಶುಕ್ರವಾರ, ಬಸ್ಸಿನ ತುಂಬ ಗೊರವನಹಳ್ಳಿ ಲಕ್ಷ್ಮಿ ಗುಡಿಗೆ ಹೊರಟ ಹೆಂಗಸರು, ಒಂಟಿ ಕಾಲಿನಲ್ಲಿ ನಿಂತು ಹೋದೆ.

ಎಲ್ಲ ಸರಿಯಾದ ದಿನ ಒಂದು ಸ್ನ್ಯಾಪ್‌ಶಾಟ್ ತೆಗೆದೆ. ಅಂದರೆ ಸುಳ್ಳು ಕಂಪ್ಯೂಟರಿನ ಆ ಹೊತ್ತಿನ ಸ್ಥಿತಿಯನ್ನು ಹಾಗೇ ಹಿಡಿದಿಡುವುದು. ಮುಂದೆ ಏನೇ ಕೆಟ್ಟರೂ ಆ ದಿನಕ್ಕೆ ವಾಪಸು ಹೋಗಬಹುದು. ಆದರೆ ಆಮೇಲೆ ಮಾಡಿದ್ದೆಲ್ಲ, ಕೆಟ್ಟದ್ದರ ಜೊತೆ ಒಳ್ಳೆಯದೂ, ಅಳಿಸಿಹೋಗುತ್ತದೆ. ನಾನು ಬೇಕೆಂದೇ ಕೆಡಿಸಿ ಕೆಡಿಸಿ ಪರೀಕ್ಷೆ ಮಾಡಿದೆ. ಪ್ರತಿ ಸಲವೂ ಹೊರಕಿಟಕಿಯ ಬಲಮೂಲೆಯ ಇಂಟು ಗುರುತು ಒತ್ತಿ, ಅದು ಕೇಳುವ ಪ್ರಶ್ನೆಯಲ್ಲಿ 'ಕರೆಂಟ್ ಕಡಿ, ಸ್ನ್ಯಾಪ್‌ಶಾಟಿಗೆ ಮರಳು' ಎಂಬರ್ಥದ ಸಾಲಿಗೆ ಟಿಕ್ ಹಾಕಿ ಮುಚ್ಚುತ್ತಿದ್ದೆ. ಆ ತಂತ್ರಾಂಶದ ಗುಣವೇನೆಂದರೆ ಕೊನೆಯ ಸಲ ಹಾಕಿದ ಟಿಕ್ಕನ್ನು ಅದು ನೆನಪಿಟ್ಟುಕೊಳ್ಳುತ್ತದೆ. ನಾನು ಇಟ್ಟುಕೊಳ್ಳಲಿಲ್ಲ.

ಏಪ್ರಿಲ್ ಮೊದಲ ವಾರ ಬರಗೂರಿನ ಅವರ ಮನೆಗೆ ಹೋಗಿ ಜೋಡಿಸಿದೆ. ಅತ್ತಿಗೆ ಪಿಯುಸಿವರೆಗೆ ಓದಿದವರು, ಚುರುಕು. ಕೆಲಸ ಮುಗಿದ ಮೇಲೆ ಎಕ್ಸ್‌ಪಿಯ ಒಳಗೇ ಸ್ಟಾರ್ಟ್ ಒತ್ತಿ ಬಂದ್ ಮಾಡಬೇಕು, ಹೊರಕಿಟಕಿ ಮುಟ್ಟಬಾರದು ಎಂದು ಹೇಳಿಕೊಟ್ಟೆ. ಹಾಗೇ ಮಾಡುತ್ತಿದ್ದರು. ಎಕ್ಸ್‌ಪಿಯೊಳಗಿನ ಫೈಲನ್ನು ಹೊರಗೆ ನಕಲು ಮಾಡಲು ಒಂದು ಹಂಚಿಕೆಯ ಫೋಲ್ಡರ್ ಬೇಕಿತ್ತು, ಅದು ಅವತ್ತು ಹಠ ಹಿಡಿಯಿತು. ಸಿರಾ ಬಸ್ಸಿಗೆ ಹೊತ್ತಾಗಿತ್ತು. "ಮುಂದಿನ ಸಲ ಬಂದಾಗ ಮಾಡಿಕೊಡ್ತೀನಕ್ಕ" ಅಂದೆ. ಮುಂದಿನ ಸಲ ಅನ್ನುವುದು ಬರಲೇ ಇಲ್ಲ.

ಎರಡು ತಿಂಗಳು ಅತ್ತಿಗೆ ಬೆಳಗಿನ ಮನೆಗೆಲಸ ಮುಗಿಸಿ ಮಧ್ಯಾಹ್ನದವರೆಗೆ ಟೈಪ್ ಮಾಡಿದರು. ಕನ್ನಡ, ಪರಿಸರ ಅಧ್ಯಯನ, ಎರಡೂ ಪುಸ್ತಕ. ಪ್ರಿಂಟರಿನ ದಪ್ಪ ಕಾಗದ ಮಾತ್ರ ಬೆಂಗಳೂರಿನಿಂದ ಬರಲೇ ಇಲ್ಲ. ಶಾಲೆ ಶುರುವಾಯಿತು. ಅತ್ತಿಗೆ ಹಿಂದಿನ ಸಂಜೆ ಓದಿ ಹೇಳಿದ್ದನ್ನು ಟೀಚರ್ ನೆನಪಿಟ್ಟುಕೊಂಡು ಪಾಠ ನಡೆಸುತ್ತಿದ್ದರು. ಅಧಿಕಾರಿ ಬರುವ ಸೋಮವಾರಕ್ಕೆ ನಾಲ್ಕು ದಿನ ಇದೆ ಎನ್ನುವಾಗ, ಗುರುವಾರ ಬೆಳಗ್ಗೆ ಕಾಗದ ಬಂತು.

ಹನ್ನೊಂದು ಗಂಟೆಗೆ ಅತ್ತಿಗೆಯ ಫೋನ್. ನನ್ನ ಎದುರಿಗೆ ಒಬ್ಬ ಗಿರಾಕಿ ಲ್ಯಾಪ್‌ಟಾಪಿನ ಬಗ್ಗೆ ಜಗಳ ಕಾಯುತ್ತಿದ್ದ.

"ಅಣ್ಣ, ಪೇಪರ್ ಬಂತು ಕಣಣ್ಣ. ಪ್ರಿಂಟ್ ಕೊಡಣ ಅಂದ್ರೆ ಬಟನ್ನೇ ಕಾಣ್ತಿಲ್ಲ, ಅರ್ಧ ಕೆಳೀಕೆ ಹೋಗ್ಬುಟ್ಟೈತೆ."

"ಅದು ಹೊರಗಿನ ಕಿಟಕಿ ಮಾಡೋ ತೊಂದ್ರೆ ಅಕ್ಕ. ಅದನ್ನ ದೊಡ್ಡದು ಮಾಡಿ. ಮೇಲೆ ಬಲಗಡೆ ಮೂಲೇಲಿ ಒತ್ತಿ."

"ಹೊರಗಿನ ಕಿಟಕಿ ಮುಟ್ಟಬ್ಯಾಡ ಅಂದಿದ್ರಿ?"

"ಈಗ ನಾನೇ ಹೇಳ್ತಿದ್ದೀನಲ್ಲ. ದೊಡ್ಡದು ಮಾಡಿ."

"ಇನ್ನೂ ಪ್ರಿಂಟೇ ಕೊಟ್ಟಿಲ್ವಲ್ಲಣ್ಣ."

"ಅಯ್ಯೋ, ದೊಡ್ಡದು ಮಾಡಿದ ಮೇಲೆ ಪ್ರಿಂಟು ಕಣಕ್ಕ." ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಗಿರಾಕಿ ಬೇರೆ ಕೂಗುತ್ತಿದ್ದ.

ಆ ಕಡೆ ಮೌಸ್ ಒತ್ತಿದ ಸದ್ದು ಕೇಳಿಸಿತು. "ಏನೋ ಇಂಗ್ಲಿಷಲ್ಲಿ ಕೇಳ್ತೈತೆ."

ಕಿಟಕಿ ದೊಡ್ಡದಾಗುವಾಗ ಆ ತಂತ್ರಾಂಶ ಏನೋ ಒಂದು ಸೂಚನೆ ತೋರಿಸುವುದುಂಟು. ಅದೇ ಇರಬೇಕೆಂದುಕೊಂಡೆ. "ಓಕೆ ಕೊಡಿ."

"ಕೊಟ್ಟೆ. ಹೋಯ್ತು."

"ಏನು ಹೋಯ್ತು?"

"ಕಿಟಕಿ. ತಿರ್ಗ ಆನ್ ಮಾಡ್ಲಾ?"

ಏನೋ ತಾನಾಗಿ ಮುಚ್ಚಿಕೊಂಡಿದೆ, ಮಾಡಿ ಅಂದೆ. ಎಕ್ಸ್‌ಪಿ ಎದ್ದಿತು. ಫೋಲ್ಡರ್ ತೆಗೆಯಿರಿ ಅಂದೆ. ತೆಗೆದರು.

"ಅಣ್ಣ, ಇದ್ರಲ್ಲಿ ಏನೂ ಇಲ್ಲ ಕಣಣ್ಣ. ಒಂದು ಪಾಠಾನೂ ಇಲ್ಲ."

ಆ ಟಿಕ್ ಕಣ್ಣ ಮುಂದೆ ಬಂತು, ನಾನೇ ಹಾಕಿ ನಾನೇ ಮರೆತ ಟಿಕ್. ಕೊನೆಗೆ ಅಂದದ್ದು ಇಷ್ಟೇ: "ಗೋಡೆ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತುಬಿಡಿ. ಯಾರೂ ಮುಟ್ಟಬೇಡಿ. ಬರ್ತಿದ್ದೀನಿ." ಗಿರಾಕಿಯನ್ನು ಹೊರಗೆ ಕಳಿಸಿ ಷಟರ್ ಎಳೆದೆ. ಅವನು ಏನು ಬೈದನೋ ಕೇಳಿಸಲಿಲ್ಲ.

ಬೈಕಿನಲ್ಲಿ ದೊಡ್ಡೇರಿ ದಾಟಿ, ಸಿರಾ ಮೇಲೆ ಬರಗೂರು ಮುಟ್ಟುವವರೆಗೂ ಒಂದೇ ಯೋಚನೆ. ಬಂದ್ ಮಾಡುವುದನ್ನು ಒಳಗಿನಿಂದ ಮಾಡಿ ಎಂದು ಹೇಳಿದ್ದೆನಲ್ಲ, ಇಂಟು ಗುರುತು ಯಾಕೆ ಒತ್ತಿದರು? ಮನೆ ತಲುಪುವಷ್ಟರಲ್ಲಿ ನನ್ನ ತಪ್ಪನ್ನೆಲ್ಲ ಅವರ ತಲೆಗೆ ಕಟ್ಟಿ ಸಿದ್ಧನಾಗಿದ್ದೆ.

"ದೊಡ್ಡದು ಮಾಡಿ ಅಂದ್ರೆ ಬಂದ್ ಯಾಕಕ್ಕ ಮಾಡಿದ್ರಿ?" ಅಂತ ಹೊಸಿಲಲ್ಲೇ ಶುರುಮಾಡಿದೆ.

ಅತ್ತಿಗೆ ನನ್ನ ಮುಖ ನೋಡಿದರು. ಕಣ್ಣು ಕೆಂಪಾಗಿತ್ತು. "ನೀವೇ ದೊಡ್ಡದ್ ಮಾಡು ಅಂದ್ರಿ. ದೊಡ್ಡದ್ ಮಾಡ್ದೆ."

"ದೊಡ್ಡದು ಮಾಡು ಅಂದ್ರೆ ಬಂದ್ ಮಾಡು ಅಂತಾನಾ?"

"ಇನ್ನೇನಣ್ಣ ಮತ್ತೆ? ಮನೇಲಿ ದೀಪ ಆರ್ಸು ಅಂತಾರಾ ಯಾರಾದ್ರೂ? ದೊಡ್ಡದ್ ಮಾಡು ಅಂತಲ್ವಾ ಅನ್ನಾದು. ನಮ್ಮನೇಲಿ ಲೈಟಿಗೂ ಅಂಗೇ ಅಂತೀವಿ, ಟೀವಿಗೂ ಅಂಗೇ. ಕಣ್ಣಿಲ್ಲದ ಮಗು ಇರೋ ಮನೇಲಿ ಆರ್ಸು ಅನ್ಬ್ಯಾಡ್ರಿ ಅಂತ ನಮ್ಮತ್ತೆ ಸಾಯೋಗಂಟ ಹೇಳವ್ರೆ."

ಈ ಮಾತು ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಮನೆಯಲ್ಲೂ ದೀಪವನ್ನು ಯಾರೂ ಆರಿಸುತ್ತಿರಲಿಲ್ಲ. "ದೀಪ ದೊಡ್ಡದು ಮಾಡ್ಲಾ" ಎಂದು ನಮ್ಮವ್ವ ದಿನಾ ಹೇಳುತ್ತಿದ್ದಳು. ಆ ಮಾತು ಕೇಳಿಕೊಂಡೇ ಬೆಳೆದವನು ನಾನು. ಆದರೆ ಕಂಪ್ಯೂಟರಿನ ಮುಂದೆ ಕೂತಾಗ ನನಗೆ ದೊಡ್ಡದು ಅಂದರೆ ದೊಡ್ಡದು ಅಷ್ಟೇ. ಬಲಗಡೆ ಮೇಲಿನ ಮೂಲೆಯಲ್ಲಿ ಹಿಗ್ಗಿಸುವ ಗುರುತೂ ಮುಚ್ಚುವ ಗುರುತೂ ಅಕ್ಕಪಕ್ಕ ಇವೆ. ಅವರು ನಾನು ಹೇಳಿದ ಮೂಲೆಯನ್ನೇ ಒತ್ತಿದರು, ನಾನು ಹೇಳಿದ ಮಾತನ್ನೇ ಮಾಡಿದರು. ಪ್ರಿಂಟ್ ಕೊಟ್ಟಿಲ್ವಲ್ಲ ಎಂದು ಎಚ್ಚರಿಸಿದರು ಕೂಡ. ಓಕೆ ಕೊಡಿ ಎಂದವನು ನಾನು. ಬೈಯಲು ಬಂದ ನನಗೆ ಅವರ ಕಣ್ಣಲ್ಲಿ ಕಣ್ಣಿಟ್ಟು ನೋಡಲಾಗಲಿಲ್ಲ.

"ತಪ್ಪು ನಂದೇ ಅಕ್ಕ," ಅಂದೆ. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು.

ಸಂಜೆ ಶಾಲೆಯಿಂದ ಬಂದ ಟೀಚರಿಗೆ ಎಲ್ಲವನ್ನೂ ನಾನೇ ಹೇಳಿದೆ. ಅವರು ಮಂಚದ ಮೇಲೆ ಕೂತು ಕೇಳಿದರು. ಕೂಗಾಡುತ್ತಾರೆ, ಅಳುತ್ತಾರೆ ಎಂದುಕೊಂಡಿದ್ದೆ. ಸುಮ್ಮನೆ ಕೋಲನ್ನು ಮಡಿಸಿಟ್ಟರು.

"ಎರಡು ತಿಂಗಳ ಕೆಲಸ ನಾಲ್ಕು ದಿನದಲ್ಲಿ ಆಗಲ್ಲ ಅಲ್ವಾ ಸಾರ್," ಅಂದರು.

"ನೋಡಣ ಮೇಡಂ. ಡಿಸ್ಕಿನಲ್ಲಿ ಅಳಿಸಿದ್ದು ಅಂದ್ರೆ ಪೂರ್ತಿ ಹೋಗಿರಲ್ಲ."

"ಅಳಿಸಿದ್ದು ಹೋಗಿರಲ್ವಾ?" ಎಂದು ಅವರು ತಟ್ಟನೆ ಮುಖ ಎತ್ತಿದರು.

"ಮೇಲೆ ಬೇರೆ ಏನೂ ಬರೆಯದೇ ಇದ್ರೆ ಇರುತ್ತೆ."

ನನ್ನ ಒಂದೇ ಪುಣ್ಯವೆಂದರೆ, ಹೊಸ ಕಂಪ್ಯೂಟರಿನ ಡಿಸ್ಕ್ ಚಿಕ್ಕದಾಯಿತೆಂದು ನನ್ನ ಬಳಿ ಬಿದ್ದಿದ್ದ ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಸೇರಿಸಿ ಎಕ್ಸ್‌ಪಿಯನ್ನು ಅದರಲ್ಲಿ ಇಟ್ಟಿದ್ದೆ. ಈಗಿನ ಎಸ್‌ಎಸ್‌ಡಿ ಎಂಬ ತಿರುಗದ ಡಿಸ್ಕ್ ಆಗಿದ್ದರೆ ಅಳಿಸಿದ ಜಾಗವನ್ನು ಅದೇ ಒರೆಸಿ ಹಾಕುತ್ತಿತ್ತು. ಡಿಸ್ಕ್ ಕಿತ್ತು ಮಧುಗಿರಿಗೆ ತಂದು, ಶುಕ್ರವಾರ ಬೆಳಗ್ಗೆ ಮೊದಲು ಅದರ ಪೂರ್ತಿ ಪ್ರತಿ ತೆಗೆದು, ಪ್ರತಿಯ ಮೇಲೆ ಕೆಲಸ ಶುರುಮಾಡಿದೆ.

ಸ್ನ್ಯಾಪ್‌ಶಾಟ್ ಆದ ಮೇಲೆ ಬರೆದದ್ದೆಲ್ಲ ಒಂದು ದೊಡ್ಡ ಫೈಲಿನಲ್ಲಿ ಸೇರುತ್ತದೆ. ಅಳಿದುಹೋಗಿದ್ದದ್ದು ಅದೇ. ಅಳಿಸಿದ ಫೈಲು ಹುಡುಕುವ ತಂತ್ರಾಂಶಕ್ಕೆ ಅದು ಹೆಸರು, ಗಾತ್ರ ಸಮೇತ ಸಿಕ್ಕಿತು. ಕುಣಿಯುವುದೊಂದು ಬಾಕಿ. ಸುಳ್ಳು ಕಂಪ್ಯೂಟರಿಗೆ ಜೋಡಿಸಿದರೆ ಒಪ್ಪಲಿಲ್ಲ. ಫೈಲಿನ ತಲೆಯ ಭಾಗ ಕೆಟ್ಟಿತ್ತು. ಗುರುವಾರ ಎಕ್ಸ್‌ಪಿಯನ್ನು ಮತ್ತೆ ಆನ್ ಮಾಡಿಸಿದೆನಲ್ಲ, ಆಗ ಅದರ ಮೇಲೆ ಬೇರೆ ಏನೋ ಬರೆದುಕೊಂಡಿತ್ತು. ಅದೂ ನನ್ನದೇ ಕೈಗುಣ. ಮಧ್ಯಾಹ್ನದವರೆಗೆ ಆ ತಲೆಯನ್ನು ರಿಪೇರಿ ಮಾಡಲು ಹೆಣಗಿದೆ, ಆಗಲಿಲ್ಲ.

ಊಟ ಬಿಟ್ಟು ಕೂತಾಗ ಒಂದು ವಿಷಯ ಹೊಳೆಯಿತು. ಅತ್ತಿಗೆ ಟೈಪ್ ಮಾಡಿದ ಕನ್ನಡ ಫೈಲುಗಳು ಗಂಟು ಕಟ್ಟಿದ ಹಾಗಿರುತ್ತವೆ, ಅರ್ಧ ಸಿಕ್ಕರೆ ಪ್ರಯೋಜನವಿಲ್ಲ. ಆದರೆ ಅವುಗಳಿಂದ ತಂತ್ರಾಂಶ ಮಾಡಿಟ್ಟ ಚುಕ್ಕೆಯ ಫೈಲುಗಳು ಹಾಗಲ್ಲ. ಒಂದೊಂದು ಚುಕ್ಕೆಗುಂಪಿಗೆ ಒಂದು ಇಂಗ್ಲಿಷ್ ಅಕ್ಷರವೋ ಅಂಕಿಯೋ ಗುರುತು, ಸಾಲಿಗೆ ನಲವತ್ತು ಗುರುತು, ಅಷ್ಟೇ. ಬರಿಯ ಅಕ್ಷರ. ದೊಡ್ಡ ಫೈಲು ಹಾಳಾಗಿದ್ದರೂ ಅದರ ಹೊಟ್ಟೆಯೊಳಗೆ ಇಂಥ ಸಾಲುಗಳು ಎಲ್ಲೆಲ್ಲಿವೆ ಎಂದು ಹುಡುಕಿ ಹೆಕ್ಕಬಹುದು. ಅದಕ್ಕೊಂದು ಸಣ್ಣ ಪ್ರೋಗ್ರಾಂ ಬರೆದು ಓಡಿಸಿದೆ. ಸಂಜೆಯ ಹೊತ್ತಿಗೆ ಮುನ್ನೂರಕ್ಕೂ ಮೀರಿ ತುಂಡುಗಳು ಸಿಕ್ಕವು. ಒಂದೇ ಥರದವನ್ನು ತೆಗೆದ ಮೇಲೆ ಇನ್ನೂರರ ಆಸುಪಾಸು ಉಳಿದವು.

ಆದರೆ ತುಂಡುಗಳಿಗೆ ಹೆಸರಿಲ್ಲ, ಪುಟಸಂಖ್ಯೆಯಿಲ್ಲ, ಹಿಂದುಮುಂದಿಲ್ಲ. ನನ್ನ ಕಣ್ಣಿಗೆ ಎಲ್ಲ ಕಲಸಿದ ಚಿತ್ರಾನ್ನ. ಆ ತಂತ್ರಾಂಶ ಕನ್ನಡವನ್ನು ಚುಕ್ಕೆ ಮಾಡುತ್ತದೆ, ಚುಕ್ಕೆಯನ್ನು ಕನ್ನಡ ಮಾಡುವುದಿಲ್ಲ. ಅತ್ತಿಗೆಗೂ ಚುಕ್ಕೆ ಬರುವುದಿಲ್ಲ. ಇದನ್ನು ಓದಬಲ್ಲವರು ಒಬ್ಬರೇ, ಅವರಿಗೆ ಓದಲು ಕಾಗದದ ಮೇಲೆ ಉಬ್ಬಬೇಕು. ಎಲ್ಲವನ್ನೂ ಪ್ರಿಂಟ್ ಮಾಡಿಸಿದರೆ ಬಂದ ಕಾಗದ ಅದಕ್ಕೇ ಮುಗಿದುಹೋಗುತ್ತದೆ, ಪುಸ್ತಕಕ್ಕೆ ಉಳಿಯುವುದಿಲ್ಲ.

ಆಗ ತೀರ್ಮಾನ ಮಾಡಿದೆ. ಪ್ರತಿ ತುಂಡಿನ ಮೊದಲ ಎರಡು ಸಾಲು, ಕೊನೆಯ ಒಂದು ಸಾಲು, ಮೇಲೆ ಒಂದು ನಂಬರ್. ಅಷ್ಟನ್ನು ಮಾತ್ರ ಪ್ರಿಂಟ್ ಮಾಡಿ ಕತ್ತರಿಸಿ ಪಟ್ಟಿ ಮಾಡುವುದು. ಪಟ್ಟಿಗಳನ್ನು ಟೀಚರ್ ಬೆರಳಿನಲ್ಲಿ ಓದಿ ಜೋಡಿಸುವುದು. ನಂಬರುಗಳನ್ನು ಆ ಕ್ರಮದಲ್ಲಿ ಹೇಳಿದರೆ ಕಂಪ್ಯೂಟರ್ ತುಂಡುಗಳನ್ನು ಕೂಡಿಸುತ್ತದೆ. ಇಷ್ಟು ದಿನ ಅವರಿಗೆ ನಾನು ರಿಪೇರಿಯವನಾಗಿದ್ದೆ, ಈಗ ರಿಪೇರಿ ಅವರ ಕೈಗೆ ಹೋಯಿತು. ಆಗುತ್ತದೆ ಎಂಬ ನಂಬಿಕೆ ನನಗೆ ಅರ್ಧವೂ ಇರಲಿಲ್ಲ.

ಶನಿವಾರ ಶಾಲೆ ಮಧ್ಯಾಹ್ನಕ್ಕೆ ಬಿಟ್ಟಿತು. ನಾನು ಬೆಳಗ್ಗೆಯೇ ಡಿಸ್ಕನ್ನು ಬರಗೂರಿಗೆ ವಾಪಸು ತಂದು ಜೋಡಿಸಿದ್ದೆ, ಅಷ್ಟರಲ್ಲಿ ನಾನೂ ಅತ್ತಿಗೆಯೂ ಪಟ್ಟಿ ಕತ್ತರಿಸಿ ರಾಶಿ ಹಾಕಿದ್ದೆವು. ಟೀಚರ್ ಕೈಕಾಲು ತೊಳೆದು ನಡುಮನೆಯಲ್ಲಿ ಚಾಪೆಯ ಮೇಲೆ ಕೂತರು. ಒಂದೊಂದೇ ಪಟ್ಟಿಯ ಮೇಲೆ ತೋರುಬೆರಳು ಹರಿಯಿತು.

"ಇದು ಕೆರೆ ಪಾಠದ್ದು. ಇದು ಪರಿಸರ, ನೀರಿನ ಮೂಲಗಳು. ಇದು ಹಳೇದು ಸಾರ್, 'ಗುಬ್ಬಚ್ಚಿ' ತಪ್ಪೈತೆ, ಅತ್ತಿಗೆ ಆಮೇಲೆ ತಿದ್ದವ್ರೆ, ತಿದ್ದಿದ್ದು ಎಲ್ಲೋ ಇರ್ಬೇಕು." ಪಟ್ಟಿಗಳು ಅವರ ಸುತ್ತ ಸಾಲು ಸಾಲಾಗಿ ಬೆಳೆದವು. ರಜೆಯಲ್ಲಿ ಅತ್ತಿಗೆ ಗಟ್ಟಿಯಾಗಿ ಓದಿಕೊಂಡು ಟೈಪ್ ಮಾಡಿದ್ದನ್ನೆಲ್ಲ ಪಕ್ಕದಲ್ಲೇ ಕೂತು ಕೇಳಿದ್ದ ಅವರಿಗೆ, ಕೊನೆಯ ಸಾಲು ಓದಿದರೆ ಮುಂದಿನ ತುಂಡು ಹೇಗೆ ಶುರುವಾಗಬೇಕೆಂದು ಗೊತ್ತು. ಇಪ್ಪತ್ತು ಪಟ್ಟಿ ಹಿಂದೆ ಮುಟ್ಟಿದ್ದನ್ನು ಕೈ ಚಾಚಿ ಸರಿಯಾಗಿ ಅದನ್ನೇ ಎತ್ತುತ್ತಿದ್ದರು. ಶುಕ್ರವಾರ ಇಡೀ ದಿನ ಕಣ್ಣು ಬಿಟ್ಟುಕೊಂಡು ನೋಡಿದ್ದರಲ್ಲಿ ನನಗೆ ಒಂದು ಅಕ್ಷರ ತಿಳಿದಿರಲಿಲ್ಲ. ನಾನು ಬಾಯಿ ತೆರೆದುಕೊಂಡು ಕೂತಿದ್ದೆ, ಅತ್ತಿಗೆ ತಂದಿಟ್ಟ ಟೀ ಆರಿಹೋಯಿತು.

ಒಂದು ಪಟ್ಟಿಯ ಮೇಲೆ ಅವರ ಬೆರಳು ನಿಂತಿತು. ಮತ್ತೆ ಮೊದಲಿನಿಂದ ಓದಿದರು.

"ಇದು ಯಾವ ಪಾಠ ಮೇಡಂ?"

"ಪಾಠದ್ದಲ್ಲ." ಪಟ್ಟಿಯ ಮೇಲಿನ ನಂಬರನ್ನು ಮುಟ್ಟಿ ನೋಡಿ, "ಎಪ್ಪತ್ತೊಂದನೇ ತುಂಡು. ಇದನ್ನ ಪೂರ್ತಿ ಒಂದು ಪ್ರಿಂಟ್ ಕೊಡಿ ಸಾರ್. ನಂಗೆ ಬೇಕು," ಅಂದರು.

ಏನದು ಎಂದು ಕೇಳಿದೆ. ಆಮೇಲೆ ಹೇಳ್ತೀನಿ ಅಂದರು. ಒಂದೇ ಹಾಳೆ, ಪ್ರಿಂಟ್ ಮಾಡಿ ಕೊಟ್ಟೆ. ಮಡಿಸಿ ಶಾಲೆಯ ಬ್ಯಾಗಿನಲ್ಲಿ ಇಟ್ಟುಕೊಂಡು ಮುಂದಿನ ಪಟ್ಟಿಗೆ ಕೈ ಹಾಕಿದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಎರಡೂ ಪುಸ್ತಕ ಸಾಲಿಗೆ ಬಂದಿದ್ದವು. ಒಂದೂವರೆ ಪಾಠ ಮಾತ್ರ ಎಲ್ಲಿಯೂ ಸಿಗಲಿಲ್ಲ. ಭಾನುವಾರ ನಾನು ಪುಸ್ತಕ ಹಿಡಿದು ಓದಿದೆ, ಅತ್ತಿಗೆ ಟೈಪ್ ಮಾಡಿದರು. ಈ ಸಲ ಒಂದೊಂದು ಪುಟಕ್ಕೂ ಪೆನ್‌ಡ್ರೈವಿಗೆ ನಕಲು ತೆಗೆದೆ. ಪ್ರಿಂಟರ್ ನಡುವೆ ಕಾಗದ ಕಚ್ಚಿಕೊಂಡು ಎರಡು ಗಂಟೆ ಸತಾಯಿಸಿತು. ಹಾಗಾಗಿ ಕೊನೆಯ ಕಂತೆ ಸೋಮವಾರ ಬೆಳಗ್ಗೆ ಮುಗಿಯಿತು, ಅದನ್ನು ಬೈಕಿಗೆ ಕಟ್ಟಿಕೊಂಡು ನಾನೇ ಶಾಲೆಗೆ ಓಡಿದೆ.

ಅಧಿಕಾರಿ ಆಗಲೇ ಬಂದು ಕೊನೆಯ ಬೆಂಚಿನಲ್ಲಿ ಮಕ್ಕಳ ಪಕ್ಕ ಕೂತಿದ್ದರು. ಕಂತೆಯನ್ನು ಬಾಗಿಲಲ್ಲಿ ಕೊಟ್ಟು ಜಗಲಿಯ ಕಂಬಕ್ಕೆ ಒರಗಿ ನಿಂತೆ. ಟೀಚರ್ ಪಾಠ ಶುರುಮಾಡಿದರು. ಎಡಗೈ ಹಾಳೆಯ ಮೇಲೆ, ಬಲಗೈ ಗಾಳಿಯಲ್ಲಿ. ಓದುವುದು, ನಿಲ್ಲಿಸುವುದು, ಮಕ್ಕಳನ್ನು ಕೇಳುವುದು, ಹಿಂದಿನ ಸಾಲಿನಲ್ಲಿ ಪಿಸುಗುಟ್ಟಿದವನನ್ನು ಹೆಸರು ಹಿಡಿದು ಎಬ್ಬಿಸುವುದು. ಸ್ವಲ್ಪ ಹೊತ್ತಿಗೆ ಅಧಿಕಾರಿ ಎದ್ದು ಹೋಗಿ, ಬಾಯಿಪಾಠ ಮಾಡಿಕೊಂಡು ಬಂದಿರಬಹುದೆಂದು ಅನುಮಾನವೋ ಏನೋ, ಕಂತೆಯ ನಡುವಿನಿಂದ ತಾವೇ ಒಂದು ಹಾಳೆ ಎಳೆದು ಅವರ ಮುಂದಿಟ್ಟರು.

"ಇದನ್ನ ಓದಿ ನೋಡಣ."

ಟೀಚರ್ ಬೆರಳಿಟ್ಟರು. "ಇದು ಪರಿಸರದ್ದು ಸಾರ್, ಒಂಬತ್ತನೇ ಪಾಠ. ಆದ್ರೆ ತಲೆಕೆಳಗಾಗಿ ಇಟ್ಟಿದ್ದೀರಿ," ಎಂದು ತಿರುಗಿಸಿಕೊಂಡು ಓದಿದರು. ಮಕ್ಕಳು ನಕ್ಕವು. ಅಧಿಕಾರಿಯೂ ನಕ್ಕರು. ಆಮೇಲೆ ಅವರು ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ, ನಾಲ್ಕನೇ ತರಗತಿ ಇವರ ಹತ್ತಿರವೇ ಇರಲಿ ಎಂದು ಭೇಟಿ ಪುಸ್ತಕದಲ್ಲಿ ಬರೆದು ಹೊರಟರು.

ಮಕ್ಕಳು ಊಟಕ್ಕೆ ಹೋದವು. ನಾನು ಒಳಗೆ ಹೋದೆ. ಟೀಚರ್ ಬ್ಯಾಗಿನಿಂದ ಆ ಮಡಿಸಿದ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿ ಇಟ್ಟಿದ್ದರು.

"ಎಪ್ಪತ್ತೊಂದು ಏನು ಅಂತ ಕೇಳಿದ್ರಲ್ಲ ಸಾರ್. ರಾಜೀನಾಮೆ ಪತ್ರ. ಏಪ್ರಿಲಲ್ಲಿ ಒಂದಿನ ಸಾಕಾಗಿ, ಕಂಪ್ಯೂಟ್ರಲ್ಲೇ ಆರು ಚುಕ್ಕೆಗೆ ಆರು ಕೀಲಿ ಒತ್ತಿ ನೇರ ಚುಕ್ಕೇಲೇ ಬರ್ದಿದ್ದೆ, ಅತ್ತಿಗೆಗೆ ಓದಕ್ಕೆ ಆಗಬಾರ್ದು ಅಂತ. ಮಾರನೇ ದಿನ ಅವರು ಮೂರನೇ ಪಾಠ ಟೈಪ್ ಮಾಡ್ತಾ ಕೂತಿದ್ದು ಕೇಳಿಸ್ತು. ಅಳಿಸಿಬಿಟ್ಟೆ. ಗುರುವಾರ ಎಲ್ಲ ಹೋಯ್ತು ಅಂದಾಗ, ಅದನ್ನೇ ಮತ್ತೆ ಬರೀಬೇಕಲ್ಲಾ ಅಂತ ಕೂತಿದ್ದೆ. ನೀವೇ ತಂದುಕೊಟ್ರಿ. ಇವತ್ತು ಸರಿ ಹೋಗ್ಲಿಲ್ಲ ಅಂದ್ರೆ ಆ ಸಾಹೇಬ್ರ ಕೈಗೇ ಕೊಡಣ ಅಂತ ಇಟ್ಕೊಂಡು ಬಂದೆ."

ಅವರ ಪಾಠ ಹುಡುಕುತ್ತೇನೆಂದು ಹೋಗಿ, ಅವರು ಅಳಿಸಿದ್ದನ್ನು ಹೆಕ್ಕಿ ತೆಗೆದು, ನನ್ನ ಕೈಯಾರೆ ಪ್ರಿಂಟ್ ಮಾಡಿ ಕೊಟ್ಟಿದ್ದೆ. ಮುಂದಿನ ಬೆಂಚಿನ ಮೇಲೆ ಕೂತೆ.

ಅವರು ಹೆಬ್ಬೆರಳಿನ ಉಗುರಿನಿಂದ ಹಾಳೆಯ ಮೇಲಿನ ಚುಕ್ಕೆಗಳನ್ನು ಒಂದೊಂದಾಗಿ ಒತ್ತಿ ಸಮ ಮಾಡತೊಡಗಿದರು. ಚುಕ್ಕೆಯ ಬರಹದಲ್ಲಿ ತಪ್ಪನ್ನು ಅಳಿಸುವುದು ಹೀಗೇ ಅಂತೆ. ಒಂದು ಸಾಲು, ಎರಡು ಸಾಲು, ಇಡೀ ಪತ್ರ. ಕೊನೆಗೆ ಹಾಳೆಯನ್ನು ನನ್ನ ಕಡೆ ತಳ್ಳಿದರು. ಕೈಯಾಡಿಸಿದೆ. ಎಲ್ಲ ನುಣ್ಣಗಾಗಿತ್ತು, ಕೆಳಗಡೆ ಎರಡು ಸಾಲು ಮಾತ್ರ ಇನ್ನೂ ಬೆರಳಿಗೆ ಚುಚ್ಚುತ್ತಿತ್ತು.

"ಇಲ್ಲಿ ಸ್ವಲ್ಪ ಉಳಿದಿದೆ ಮೇಡಂ."

"ಗೊತ್ತು. ಮೇಲಿಂದು ನನ್ ಹೆಸ್ರು. ಅದರ ಕೆಳಗೆ ಸಹಶಿಕ್ಷಕಿ ಅಂತ ಐತೆ," ಅಂದರು. "ಅದನ್ಯಾಕೆ ಅಳಿಸ್ಲಿ ಸಾರ್?"